ನುಗ್ಗೆ ನೆಡಿ, ಬೇರು ತಿನ್ನಬೇಡಿ

ಬೀಜಾಡಿಯ ಹೊಯ್ಗೆ ಹಿತ್ತಿಲಿಗೆ ನುಗ್ಗೆ ಒಳ್ಳೆಯ ಮರ. ಬಲಿತ ಕೊಂಬೆಯನ್ನು 3-4 ಅಡಿ ಉದ್ದ ಕಡಿದು, ಮಣ್ಣು ಏರಿಸಿದ ಜಾಗದಲ್ಲಿ ನೆಡಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಚಿಗುರು ಆಳೆತ್ತರ ಬಂದಾಗ ತುದಿ ಕತ್ತರಿಸಿದರೆ ಸೊಪ್ಪು ಕೈಗೆಟಕುತ್ತದೆ. ಕೊಂಬೆ ಬೇಗ ಮುರಿಯುವುದರಿಂದ ಮಕ್ಕಳನ್ನು ಹತ್ತಿಸಬೇಡಿ.

ಯುನಾನಿಯಲ್ಲಿ ಇದರ ಹೆಸರು ಸಹಜನ. ಬೇರು ಮೂಲಂಗಿಗಿಂತ ಖಾರ. ಬ್ರಿಟಿಷರು ತಮ್ಮೂರಿನ ಹಾರ್ಸ್‌ರ‍್ಯಾಡಿಶ್ ಗೆಡ್ಡೆಯ ಬದಲು ಇದನ್ನೇ ತುರಿದು ಮಾಂಸದ ಜೊತೆ ತಿನ್ನುತ್ತಿದ್ದರು. ನೀವು ಆ ರುಚಿಯ ಹಿಂದೆ ಹೋಗಬೇಡಿ. ಬೇರಿನ ತೊಗಟೆಯಲ್ಲಿ ವಿಷಾಂಶವಿದೆ, ಬಸುರಿಯರಿಗೆ ಗರ್ಭಪಾತದ ಅಪಾಯವೂ ಇದೆ. ಮುಟ್ಟು ತಡವಾಯಿತೆಂದು ಬೇರಿನ ಕಷಾಯ ಕೇಳುವವರಿಗೆ ನಾನು ಹೇಳುವುದು, ಮೊದಲು ಗರ್ಭಪರೀಕ್ಷೆ ಮಾಡಿಸಿ ಎಂದು.

ಸೊಪ್ಪು, ಹೂವು, ಕಾಯಿ ಬೇಯಿಸಿ ತಿನ್ನಿ. ಕೊಯ್ಯುವ ಮೊದಲು ಕಾಂಡದಲ್ಲಿ ಕಂಬಳಿಹುಳ ಇದೆಯೇ ನೋಡಿಕೊಳ್ಳಿ.