ಮೂರು ರಾಜ್ಯ, ಒಂದೇ ಗಡಿಯಾರ

ಅಮೆರಿಕದ ಪಶ್ಚಿಮ ಭಾಗವೆಂದರೆ ನಮ್ಮವರಲ್ಲಿ ಅನೇಕರಿಗೆ ಗ್ರ್ಯಾಂಡ್ ಕ್ಯಾನ್ಯನ್ ಒಂದೇ ನೆನಪಾಗುವುದು. ಆ ಮಹಾಕಮರಿಯ ವರ್ಣನೆ ಸಾಕಷ್ಟು ಬಂದಿರುವುದರಿಂದ ಅದನ್ನು ಬಿಟ್ಟು, ಅದರ ಪೂರ್ವಕ್ಕಿರುವ ನವಾಹೋ ಜನರ ನಾಡಿನಲ್ಲಿ ನಾವು ಕಂಡುದನ್ನು ಇಲ್ಲಿ ಹೇಳಬಯಸುತ್ತೇವೆ.

ಅರಿಜೋನಾದ ಫ್ಲಾಗ್‌ಸ್ಟಾಫ್ ಪಟ್ಟಣದಿಂದ ಜೂನ್ ತಿಂಗಳ ಒಂದು ಬೆಳಗ್ಗೆ ಹೊರಟೆವು. ಕಾರು ನಡೆಸುವುದು ಸೊಲ್ಲಾಪುರದವರಾದ ಸಹೋದ್ಯೋಗಿ ಮಿತ್ರರ ಪಾಲಿಗೆ, ನಕ್ಷೆ ನೋಡುವುದು ಕಾಸರಗೋಡಿನವರಾದ ನಮ್ಮ ಪಾಲಿಗೆ. ಪೈನ್ ಮರಗಳ ಕಾಡು ಮುಗಿದು ಇಳಿಜಾರು ಕಳೆದೊಡನೆ ಕೆಂಪು, ಬೂದು, ನಸುನೀಲಿ ಪಟ್ಟೆಗಳ ಬೋಳುಗುಡ್ಡಗಳು ಇಕ್ಕೆಲಗಳಲ್ಲಿ ಕಾಣಿಸಿಕೊಂಡವು.

ಟ್ಯೂಬಾ ಸಿಟಿಯಲ್ಲಿ ಗಡಿಯಾರ ನಮಗೆ ಕೈಕೊಟ್ಟಿತು. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಅರಿಜೋನಾದಲ್ಲಿಲ್ಲ. ಆದರೆ ಅದರೊಳಗಿನ ನವಾಹೋ ನಾಡಿನಲ್ಲಿ ಉಂಟು. ಪಕ್ಕದಲ್ಲೇ ಇರುವ ಹೋಪಿ ಜನರ ಮೊಯೆನ್‌ಕೋಪಿ ಹಳ್ಳಿಯಲ್ಲಿ ಮತ್ತೆ ಇಲ್ಲ! ಒಂದೂರಿನಲ್ಲಿ ಹತ್ತು ಗಂಟೆಯಾದರೆ ಕೂಗಳತೆಯ ಇನ್ನೊಂದರಲ್ಲಿ ಹನ್ನೊಂದು. ಇದು ಹುಚ್ಚಾಟವಲ್ಲ. ನವಾಹೋ ನಾಡು ಅರಿಜೋನಾ, ಯೂಟಾ, ನ್ಯೂ ಮೆಕ್ಸಿಕೋ ಎಂಬ ಮೂರು ರಾಜ್ಯಗಳಲ್ಲಿ ಹಂಚಿಹೋಗಿದೆ. ವಿಸ್ತಾರದಲ್ಲಿ ಕೇರಳಕ್ಕಿಂತ ದೊಡ್ಡದು. ಉಳಿದೆರಡು ರಾಜ್ಯಗಳು ಗಡಿಯಾರ ಮುಂದಿಡುವಾಗ ತಮ್ಮವರೆಲ್ಲರಿಗೂ ಒಂದೇ ಹೊತ್ತು ಇರಲೆಂದು ಅವರು ಅರಿಜೋನಾದ ಕ್ರಮವನ್ನು ಬಿಟ್ಟರು. 1864ರಲ್ಲಿ ಸೈನ್ಯವು ಈ ಜನರನ್ನು ನೂರಾರು ಮೈಲು ನಡೆಸಿ ಗಡೀಪಾರು ಮಾಡಿತ್ತು. 1868ರ ಒಪ್ಪಂದದ ಮೇಲೆ ಅವರು ಹಿಂದಿರುಗಿದರು.

ಕಯೆಂಟಾ ದಾಟಿದ ಮೇಲೆ ಮಾನ್ಯುಮೆಂಟ್ ವ್ಯಾಲಿ. ಸಮತಟ್ಟಾದ ಮರುಭೂಮಿಯಿಂದ 300 ಮೀಟರಿನಷ್ಟು ಎತ್ತರಕ್ಕೆ ನೆಟ್ಟಗೆದ್ದ ಒಂಟಿ ಬಂಡೆಗಳು. ಕಬ್ಬಿಣದ ಅಂಶದಿಂದ ಬಂದ ಕೆಂಪು, ಸಂಜೆಯ ಬಿಸಿಲಿಗೆ ಕೆಂಡದಂತಾಗುತ್ತದೆ. 1939ರಲ್ಲಿ ಜಾನ್ ಫೋರ್ಡ್ ತನ್ನ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಇದನ್ನು ಜಗತ್ತಿಗೆ ತೋರಿಸಿದ. ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಕಾರಿನ ರೇಡಿಯೋದಲ್ಲಿ 1986ರಿಂದ ನಡೆಯುತ್ತಿರುವ ನವಾಹೋ ಭಾಷೆಯ ನಿಲಯ ಸಿಕ್ಕಿತು. ಒಂದಕ್ಷರ ತಿಳಿಯದಿದ್ದರೂ ಮಿತ್ರರು ಬದಲಿಸಗೊಡಲಿಲ್ಲ. “ನಮ್ಮ ಮನ್ಯಾಗ ಧಾರವಾಡ ಆಕಾಶವಾಣಿ ಹಿಂಗs ಹಚ್ಚಿಡತಿದ್ರು ನೋಡ್ರಿ” ಎಂದರು. ನಮಗೆ ಮಂಗಳೂರು ನಿಲಯದ ನೆನಪಾಯಿತು.

ಫೋರ್ ಕಾರ್ನರ್ಸ್ ಎಂಬಲ್ಲಿ ಕೊಲೊರಾಡೋವೂ ಸೇರಿ ನಾಲ್ಕು ರಾಜ್ಯಗಳು ಕೂಡುತ್ತವೆ. ನೆಲದಲ್ಲೊಂದು ಲೋಹದ ಬಿಲ್ಲೆ. ಜನ ಸಾಲುಗಟ್ಟಿ ಅದರ ಮೇಲೆ ಕೈಕಾಲೂರಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಹಳೆಯ ಮೋಜಣಿಯ ಗುರುತು ಅಳತೆಯಲ್ಲಿ ತುಸು ತಪ್ಪಿದ್ದರೂ ನೆಟ್ಟ ಗುರುತೇ ಗಡಿಯೆಂದು ಅಲ್ಲಿನ ಸುಪ್ರೀಂ ಕೋರ್ಟು 1925ರಲ್ಲಿ ತೀರ್ಮಾನಿಸಿದೆ. (1967ರ ಮಹಾಜನ ವರದಿಯ ಮಾತು ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಮಿತ್ರರು ಸುತ್ತ ನೋಡಿ, “ಗೆರಿ ಎಲ್ಲೈತ್ರಿ? ಮಣ್ಣೆಲ್ಲಾ ಒಂದs ಬಣ್ಣ” ಎಂದು ನಕ್ಕರು.

ಅಲ್ಲಿ ಎಣ್ಣೆಯಲ್ಲಿ ಕರಿದ ಗೋಧಿರೊಟ್ಟಿ ಮಾರುತ್ತಿದ್ದ ನವಾಹೋ ಅಜ್ಜಿಯೊಡನೆ, ತಾವು ಯಾವ ರಾಜ್ಯದವರೆಂದು ವಿಚಾರಿಸಿದೆವು. ಮನೆ ಅರಿಜೋನಾದಲ್ಲಿ, ಮಗಳ ಮನೆ ನ್ಯೂ ಮೆಕ್ಸಿಕೋದಲ್ಲಿ, ಕುರಿಗಳು ಮಾತ್ರ ಹುಲ್ಲಿದ್ದಲ್ಲಿ ಎಂದರು. ರೊಟ್ಟಿ ಚೆನ್ನಾಗಿತ್ತು. ಇನ್ನೆರಡು ಕಟ್ಟಿಸಿಕೊಂಡು ಕೊಲೊರಾಡೋದ ಕಡೆಗೆ ಕಾರು ತಿರುಗಿಸಿದೆವು.