ಬಿಸಿಲಿನಲ್ಲಿ ಹುಟ್ಟುವ ವಿಷ

ಓಝೋನ್ ಎಂದೊಡನೆ ನಮ್ಮ ನೆನಪಿಗೆ ಬರುವುದು ಬಾನಿನ ಎತ್ತರದಲ್ಲಿ ಕೊಡೆಯಂತೆ ಹರಡಿ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಪದರ. ನಾನು ಹೇಳಹೊರಟಿರುವುದು ನೆಲದ ಮೇಲಿನ ಓಝೋನಿನ ವಿಚಾರ. ವಸ್ತು ಒಂದೇ, ಮೂರು ಆಮ್ಲಜನಕ ಪರಮಾಣುಗಳು ಸೇರಿದ ಅಣು. ಇರುವ ನೆಲೆ ಮಾತ್ರ ಬೇರೆ.

1839ರಲ್ಲಿ ಬಾಸೆಲ್ ನಗರದ ರಸಾಯನವಿಜ್ಞಾನಿ ಷೋನ್‌ಬೈನ್ ಇದನ್ನು ಮೂಗಿನಿಂದಲೇ ಗುರುತಿಸಿದ. ವಾಸನೆ ಬೀರುವುದು ಎಂಬರ್ಥದ ಗ್ರೀಕ್ ಮಾತಿನಿಂದ ಹೆಸರನ್ನೂ ಕೊಟ್ಟ. ಆ ಶತಮಾನದ ಯುರೋಪಿನಲ್ಲಿ ಕಡಲತೀರದ ಗಾಳಿ ಓಝೋನಿನಿಂದ ಕೂಡಿದ್ದು, ಆದ್ದರಿಂದ ಆರೋಗ್ಯಕರವೆಂದು ಬಹುಮಂದಿ ನಂಬಿದ್ದರು.

ಈ ಅನಿಲದ ಇನ್ನೊಂದು ಮುಖ ಕಂಡದ್ದು ಲಾಸ್ ಏಂಜಲೀಸಿನಲ್ಲಿ. 1943ರ ಜುಲೈನಲ್ಲಿ ಆ ನಗರಕ್ಕೆ ಮಬ್ಬು ಕವಿದು ಜನರ ಕಣ್ಣು, ಗಂಟಲು ಉರಿದವು. ಯುದ್ಧದ ಕಾಲ, ಜಪಾನೀಯರ ವಿಷಾನಿಲವೆಂದು ಕೆಲವರು ಹೆದರಿದರು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕಾರ್ಖಾನೆಯೊಂದರ ಮೇಲೂ ಗುಮಾನಿ ಬಿತ್ತು. ಅದನ್ನು ನಿಲ್ಲಿಸಿದರೂ ಮಬ್ಬು ನಿಲ್ಲಲಿಲ್ಲ. ಒಗಟನ್ನು ಬಿಡಿಸಿದವನು ಹಾಗನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ. ಅವನು ಅನಾನಸಿನ ಪರಿಮಳ ಯಾವುದರಿಂದ ಬರುತ್ತದೆಂದು ಶೋಧಿಸುತ್ತಿದ್ದವನು! ವಾಹನಗಳ ಹೊಗೆಯಲ್ಲಿರುವ ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತವೆಂದು 1950ರ ದಶಕದ ಆರಂಭದಲ್ಲಿ ಅವನು ತೋರಿಸಿದ. ಬಾಗಿಸಿದ ರಬ್ಬರ್ ಪಟ್ಟಿ ಬಿರುಕುಬಿಡಲು ಹಿಡಿಯುವ ಹೊತ್ತೇ ಅವನಿಗೆ ಅಳತೆಗೋಲಾಯಿತು.

ರಬ್ಬರನ್ನೇ ಸೀಳುವ ವಸ್ತು ಶ್ವಾಸಕೋಶವನ್ನು ಏನು ಮಾಡೀತು? ಗಂಧಕದ ಹೊಗೆ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಬಹುಮಟ್ಟಿಗೆ ಮೂಗು, ಗಂಟಲುಗಳಲ್ಲೇ ಸಿಕ್ಕಿಬೀಳುತ್ತದೆ. ಓಝೋನ್ ಅಷ್ಟು ಕರಗದು. ಆದಕಾರಣ ಕಿರಿದಾದ ಶ್ವಾಸನಾಳಗಳವರೆಗೂ ಇಳಿಯುತ್ತದೆ. ಅಲ್ಲಿನ ತೆಳುವಾದ ದ್ರವಪದರದ ಕೊಬ್ಬು, ಪ್ರೋಟೀನುಗಳೊಡನೆ ಕೂಡಲೇ ವರ್ತಿಸಿ, ಕೆರಳಿಸುವ ಹೊಸ ವಸ್ತುಗಳನ್ನು ಹುಟ್ಟಿಸುತ್ತದೆ. ನರಗಳ ತುದಿಗಳು ಕೆರಳಿ, ದೇಹ ತಾನಾಗಿಯೇ ಉಸಿರನ್ನು ಅರ್ಧಕ್ಕೆ ತಡೆಯುತ್ತದೆ. ಆಳವಾಗಿ ಉಸಿರೆಳೆದರೆ ಎದೆಯಲ್ಲಿ ನೋವು, ಕೆಮ್ಮು. ಕೆಲವು ಗಂಟೆಗಳಲ್ಲಿ ಒಳಪೊರೆ ಬಾತುಕೊಳ್ಳುತ್ತದೆ. ಉಬ್ಬಸದವರಿಗೆ ಆಗ ಪರಾಗ, ಧೂಳುಗಳೂ ಇಮ್ಮಡಿ ಶತ್ರುಗಳು. ಇನ್ನೂ ವಿಚಿತ್ರವಾದುದೊಂದುಂಟು. ದಿನವೂ ಈ ಗಾಳಿಯನ್ನೇ ಉಸಿರಾಡಿದವರಿಗೆ ನಾಲ್ಕೈದು ದಿನಗಳಲ್ಲಿ ಕೆಮ್ಮು, ನೋವು ತಗ್ಗಬಹುದು. ಆದರೆ ಒಳಗಿನ ಹಾನಿ ನಿಂತಿತೆಂದು ಅದರ ಅರ್ಥವಲ್ಲ.

ಹೆಚ್ಚು ಉಸಿರಾಡುವವನಿಗೆ ಹೆಚ್ಚು ಪಾಲು. ಲಾಸ್ ಏಂಜಲೀಸ್ ಪ್ರದೇಶದ ಶಾಲಾಬಾಲಕರ ಓಟದ ಪಂದ್ಯಗಳನ್ನು 1959ರಿಂದ 1964ರವರೆಗೆ ಪರಿಶೀಲಿಸಿ 1967ರಲ್ಲಿ ಒಂದು ವರದಿ ಪ್ರಕಟವಾಯಿತು. ಪಂದ್ಯಕ್ಕೆ ಮುಂಚಿನ ಗಂಟೆಯಲ್ಲಿ ಗಾಳಿ ಎಷ್ಟು ಕೆಟ್ಟಿತ್ತೋ, ತಮ್ಮ ಹಿಂದಿನ ವೇಗವನ್ನು ಮೀರಲಾರದ ಹುಡುಗರ ಪ್ರಮಾಣವೂ ಅಷ್ಟು ಏರಿತ್ತು.

ಇದನ್ನು ಓದಿದಾಗ ನನಗೆ ನನ್ನ ಮೊಮ್ಮಗನ ನೆನಪಾಯಿತು. ಉಬ್ಬಸದ ಹುಡುಗ. ಬೆಳಗಿನ ವಾಹನಗಳ ಗದ್ದಲ ಅಡಗಲಿ, ಹೊಗೆ ಚದುರಲಿ ಎಂದು ನಾನೇ ಅವನನ್ನು ಮಧ್ಯಾಹ್ನ ಮೂರರ ನಿರ್ಮಲ ಬಿಸಿಲಿಗೆ, ದೂರದ ಮೈದಾನಕ್ಕೆ ಕಳಿಸುತ್ತಿದ್ದೆ. ನನ್ನ ಲೆಕ್ಕ ತಲೆಕೆಳಗಾಗಿತ್ತು. ಬೆಳಗಿನ ಹೊಗೆ ಓಝೋನ್ ಆಗಲು ಹಲವು ಗಂಟೆ ಬೇಕು. ಅದರ ಏರಿಕೆ ನಡುಹಗಲಿನ ಅನಂತರವೇ. ಮೇಲಾಗಿ, ವಾಹನ ದಟ್ಟವಾದ ಬೀದಿಯಲ್ಲಿ ಹೊಸದಾಗಿ ಹೊರಬೀಳುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುವುದರಿಂದ, ಊರಾಚೆಯ ಬಯಲಿನಲ್ಲಿ ಅದು ಹೆಚ್ಚಿರುವುದೂ ಉಂಟು. ಮೂಗಿಗೆ ಕಟ್ಟಿದ ಬಟ್ಟೆ ಧೂಳನ್ನು ಕೊಂಚ ತಡೆದೀತು, ಈ ಅನಿಲವನ್ನಲ್ಲ.

ನಮ್ಮ ದೇಶವು 2009ರಲ್ಲಿ ಗೊತ್ತುಪಡಿಸಿದ ಮಿತಿ ಎಂಟು ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 100 ಮೈಕ್ರೋಗ್ರಾಂ. ದೆಹಲಿಯ ಬೇಸಿಗೆ ಅದನ್ನು ಮೀರಿದ ದಿನಗಳು ಅಪರೂಪವಲ್ಲ. ಬಿಸಿಲಿಗೂ ವಾಹನಗಳಿಗೂ ನಮ್ಮ ಊರುಗಳಲ್ಲೇನು ಕೊರತೆ?

ಮೊಮ್ಮಗ ಈಗ ಬೆಳಿಗ್ಗೆ ಏಳಕ್ಕೆ ಆಡಲು ಹೋಗುತ್ತಾನೆ. ಆ ಹೊತ್ತಿನ ಹೊಗೆ, ಧೂಳುಗಳ ತಕರಾರು ಬೇರೆಯೇ ಇದೆ. ಅದಕ್ಕಾಗಿ ರಸ್ತೆಯಿಂದ ದೂರದ ಮೈದಾನವನ್ನು ಮಾತ್ರ ನಾವು ಬಿಟ್ಟಿಲ್ಲ.