ಮನೆಗೆ ಬರುವ ಚಿತ್ರದ ಮೂರು ದಾರಿಗಳು

ಆಕಾಶವಾಣಿಯಲ್ಲಿ ಕುಳಿತು ಟೀವಿಯ ವಿಷಯ ಮಾತನಾಡುವುದೆಂದರೆ ತವರುಮನೆಯಲ್ಲಿ ಕುಳಿತು ಬೀಗರ ಗುಣಗಾನ ಮಾಡಿದಂತೆ. ಈ ಹೊತ್ತು ನಾನು ಆ ತಪ್ಪು ಮಾಡಲು ನಮ್ಮ ಅಕ್ಕನೇ ಕಾರಣ.

ಅಕ್ಕ ಗಜೇಂದ್ರಗಡದಲ್ಲಿ ಒಬ್ಬಳೇ ಇರುತ್ತಾಳೆ. ಭಾವನವರು ಕೈಮಗ್ಗದ ನೇಕಾರರಾಗಿದ್ದರು. ಪಟ್ಟೇದಂಚಿನ ಸೀರೆ ನೇಯ್ದು ಬದುಕಿದವರು. ಅವರು ತೀರಿಕೊಂಡ ಮೇಲೆ ಸಂಜೆಯ ಹೊತ್ತು ಅಕ್ಕನೊಡನೆ ಮಾತನಾಡುವುದು ಟೀವಿಯೊಂದೇ. ಪುಣೆಯಲ್ಲಿರುವ ಮಗ ಹಬ್ಬಕ್ಕೆ ಬಂದವನು 43 ಅಂಗುಲದ ಹೊಸ ಟೀವಿ ತಂದಿಟ್ಟು, ಎಚ್‌ಡಿ ವಾಹಿನಿಗಳಿಗೆ ಚಂದಾ ಕಟ್ಟಿ ಹೋದ. ಮೊನ್ನೆ ಅಕ್ಕ ಫೋನು ಮಾಡಿದಳು: “ತಮ್ಮಾ, ಹಳೇ ಸಣ್ಣ ಟೀವಿಯೊಳಗ ಮಂದಿ ಮಾರಿ ನಿಚ್ಚಳ ಕಾಣ್ತಿತ್ತು. ಇದರಾಗ ಎಲ್ಲಾರೂ ಮಂಜಿನಾಗ ನಿಂತಂಗ ಕಾಣ್ತಾರ. ಎಂಟು ತಿಂಗಳಿಂದ ರೊಕ್ಕ ಮಾತ್ರ ಹೆಚ್ಚಿಗಿ ಕೊಡಾಕತ್ತೇನಿ.”

ಆಕೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವನಿಗೆ ಮೂರು ಊರುಗಳಲ್ಲಿ ಮೂರು ದಾರಿಗಳು ಕಂಡವು. ನರಗುಂದದ ಸೋದರಮಾವನ ಮಾಳಿಗೆಯ ಮೇಲೆ ಹಳೆಯ ಆಂಟೆನಾ. ರೋಣದ ನನ್ನ ಮನೆಯಲ್ಲಿ ಕೇಬಲ್. ಅಕ್ಕನ ಮನೆಯಲ್ಲಿ ಡಿಶ್. ಇವುಗಳಲ್ಲಿ ಯಾವುದು ಲೇಸು?

ಮೊದಲು ಎಚ್‌ಡಿ ಎಂದರೇನು ಎಂಬುದನ್ನು ನೇಕಾರರ ಮಾತಿನಲ್ಲೇ ಹೇಳುತ್ತೇನೆ. ಟೀವಿಯ ಚಿತ್ರ ಒಂದು ಬಟ್ಟೆಯಿದ್ದಂತೆ. ಹಾಸು ಹೊಕ್ಕು ಕೂಡಿದಲ್ಲೆಲ್ಲ ಒಂದೊಂದು ಬಣ್ಣದ ಚುಕ್ಕೆ. ನಮ್ಮ ಸಾಮಾನ್ಯ ಪ್ರಸಾರದ ಚಿತ್ರದಲ್ಲಿ ಹಾಸು 720, ಹೊಕ್ಕು 576. ಒಟ್ಟು 4,14,720 ಚುಕ್ಕೆಗಳು. ಪೂರ್ಣ ಎಚ್‌ಡಿ ಚಿತ್ರದಲ್ಲಿ ಹಾಸು 1920, ಹೊಕ್ಕು 1080. ಒಟ್ಟು 20,73,600 ಚುಕ್ಕೆಗಳು, ಅಂದರೆ ಸರಿಯಾಗಿ ಐದು ಪಟ್ಟು. ಅಷ್ಟೇ ನೂಲಿನ ಬಟ್ಟೆಯನ್ನು ಹಿಗ್ಗಿಸಿ ದೊಡ್ಡ ಚೌಕಟ್ಟಿಗೆ ಕಟ್ಟಿದರೆ ಎಳೆ ಸಡಿಲಾಗಿ ಕಾಣುವುದು ಸಹಜ. ಸಾಮಾನ್ಯ ಚಿತ್ರವನ್ನು ದೊಡ್ಡ ಟೀವಿಯಲ್ಲಿ ನೋಡಿದಾಗ ಆಗುವುದೂ ಅದೇ.

ಇನ್ನು ಆಂಟೆನಾ. ಅಡ್ಡಡ್ಡ ಕಡ್ಡಿಗಳ ಈ ಸಾಧನವನ್ನು 1926ರ ಸುಮಾರಿಗೆ ಜಪಾನಿನ ಉಡಾ ಮತ್ತು ಯಾಗಿ ಎಂಬಿಬ್ಬರು ರೂಪಿಸಿದರು. ನೆಲದ ಮೇಲಿನ ಪ್ರಸಾರ ಗೋಪುರದಿಂದ ಹೊರಟ ಅಲೆಗಳನ್ನು ಅದು ಹಿಡಿಯುತ್ತದೆ. ಆ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ಕಷ್ಟ. ನರಗುಂದದ ಗುಡ್ಡದ ಬುಡದಲ್ಲಿದ್ದವರು ಕೊಳವೆಯ ಮೇಲೆ ಕೊಳವೆ ಏರಿಸಿದ್ದು ಈ ಕಾರಣಕ್ಕೆ. ಮಾಳಿಗೆಯ ಮೇಲೊಬ್ಬ ಕಂಬ ತಿರುಗಿಸುತ್ತ “ಬಂತೇನು?” ಎಂದು ಕೂಗುವುದು, ಕೆಳಗಿನಿಂದ “ಬಂತು, ಬಂತು, ಹೋತು” ಎಂದು ಉತ್ತರ ಬರುವುದು ಯಾರಿಗೆ ನೆನಪಿಲ್ಲ? ಆಂಟೆನಾಕ್ಕೆ ತಿಂಗಳ ಬಾಡಿಗೆಯಿಲ್ಲ. ಅಮೆರಿಕ, ಬ್ರಿಟನ್, ಜಪಾನುಗಳಲ್ಲಿ ಇಂದಿಗೂ ಅದರಿಂದಲೇ ಅನೇಕರು ಎಚ್‌ಡಿ ಚಿತ್ರವನ್ನು ತಿಂಗಳ ಚಂದಾ ಇಲ್ಲದೆ ಪಡೆಯುತ್ತಾರೆ. ನಮ್ಮಲ್ಲಿ 2016ರಲ್ಲಿ ದೂರದರ್ಶನವು ಬೆಂಗಳೂರು ಸೇರಿ 16 ನಗರಗಳಲ್ಲಿ ನೆಲದಿಂದ ಡಿಜಿಟಲ್ ಪ್ರಸಾರ ಆರಂಭಿಸಿತು. ಅದು ನರಗುಂದಕ್ಕೆ ಬರಲಿಲ್ಲ. ಹಳೆಯ ಅನಲಾಗ್ ಪ್ರಸಾರವನ್ನೂ ಕೆಲವು ಆಯಕಟ್ಟಿನ ಸ್ಥಳಗಳನ್ನು ಬಿಟ್ಟು 2022ರ ವೇಳೆಗೆ ನಿಲ್ಲಿಸಲಾಯಿತು. ಮಾವನ ಆಂಟೆನಾ ಈಗ ಕಾಗೆಗಳಿಗೆ ಆಸನವಾಗಿದೆ.

ಡಿಶ್ ಹೊಸದೆಂದು ನಾವು ತಿಳಿದಿದ್ದೇವೆ. ಆದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಉಪಗ್ರಹವೊಂದರಿಂದ ನೇರವಾಗಿ ಟೀವಿ ನೋಡಿದವು. ಕರ್ನಾಟಕದಲ್ಲಿ ಅದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳ ಪಾಲಿಗೆ ಬಂತು. ನಮ್ಮ ಮೂರೂ ಊರುಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ ಆ ಭಾಗ್ಯ ಪಕ್ಕದ ಸೀಮೆಗೇ ನಿಂತಿತು. ಆಗಿನ ಡಿಶ್ ಕೋಳಿಗೂಡಿನ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ಬುಟ್ಟಿ. ಇಂದಿನದು ಎರಡಡಿಯ ತಟ್ಟೆ. ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದು, ಭೂಮಿಯೊಡನೆಯೇ ಸುತ್ತುವುದರಿಂದ ಆಕಾಶದಲ್ಲಿ ನಿಂತಂತೆ ತೋರುತ್ತದೆ. ದೂರದರ್ಶನದ ಫ್ರೀ ಡಿಶ್ ಬಳಸುವ ಉಪಗ್ರಹ ಗಜೇಂದ್ರಗಡದವರಿಗೆ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 60 ಡಿಗ್ರಿ ಮೇಲಿದೆ. ಅಷ್ಟು ಎತ್ತರದಿಂದ ಬರುವ ಅಲೆಗೆ ಗಡದ ಗುಡ್ಡವೂ ಅಡ್ಡಿಯಲ್ಲ, ಹೊಲದ ಮನೆಯೂ ದೂರವಲ್ಲ. ಡಿಶ್ಶಿನ ಹೆಚ್ಚುಗಾರಿಕೆ ಇದೇ.

ಅದರ ಶತ್ರು ಮಳೆ. ತಟ್ಟೆ ಹಿಡಿಯುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಹನಿಗಳು ಹೀರಿ ಚದುರಿಸುತ್ತವೆ. ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಆದರೆ ನಮ್ಮದು ಎರೆಭೂಮಿಯ ಬಯಲುಸೀಮೆ. ಅಂಥ ಮಳೆ ವರ್ಷದಲ್ಲಿ ಕೆಲವೇ ಸಲ. ಬಂದಾಗ ಟೀವಿ ನಿಂತಿತೆಂದು ಕೊರಗುವ ರೈತನನ್ನು ನಾನಿನ್ನೂ ಕಂಡಿಲ್ಲ.

ಕೇಬಲ್ ಹಾಗಲ್ಲ. ಕೇಬಲಿನವರ ದೊಡ್ಡ ಡಿಶ್‌ಗಳು ಹೆಚ್ಚಾಗಿ ಹಿಡಿಯುವುದು ಏಳೂವರೆ ಸೆಂಟಿಮೀಟರಿನ ಉದ್ದನೆಯ ಅಲೆಗಳನ್ನು. ಅವನ್ನು ಮಳೆ ಅಷ್ಟಾಗಿ ಕಾಡದು. ಅಲ್ಲಿಂದ ಗಾಜಿನ ಎಳೆಯಂಥ ತಂತಿಯಲ್ಲಿ ಊರಿಗೆ, ಊರಿನಿಂದ ಕಂಬಕಂಬಕ್ಕೆ, ಕಂಬದಿಂದ ಮನೆಗೆ ಚಿತ್ರ ಹರಿಯುತ್ತದೆ. ಆದರೆ ರಸ್ತೆ ಅಗೆದರೆ, ಓಣಿಯ ವಿದ್ಯುತ್ತು ಹೋದರೆ, ನಿಮ್ಮ ಮನೆಯ ಇನ್ವರ್ಟರು ಚಿತ್ರವನ್ನು ಕಾಯಲಾರದು. ಎದುರಿಗೆ ಒಂದು ಸುಖವಿದೆ: ಕೇಬಲಿನ ಹುಡುಗ ಪರಿಚಯದವನು, ಕರೆದರೆ ಸೈಕಲ್ ಮೋಟಾರಿನ ಮೇಲೆ ಬರುತ್ತಾನೆ. ಊರ ತೇರು, ಶಾಲೆಯ ಸಭೆ ತೋರಿಸಬಲ್ಲದೂ ಕೇಬಲೇ. ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಒಂದನ್ನೇ ಸುರಿಯುವ ಉಪಗ್ರಹಕ್ಕೆ ನಮ್ಮ ತೇರು ಕಾಣದು.

ಹಣದ ಮಾತು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮಗಳು ಬೇಕಾದ ವಾಹಿನಿಯನ್ನಷ್ಟೇ ಆಯ್ದುಕೊಳ್ಳುವ ಹಕ್ಕನ್ನು ಕೇಬಲ್, ಡಿಶ್ ಎರಡರ ಗ್ರಾಹಕರಿಗೂ ಕೊಟ್ಟವು. ಎಣಿಕೆಯಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡು ಸಾಮಾನ್ಯ ವಾಹಿನಿಗಳಿಗೆ ಸಮನೆಂದು ಹಿಡಿಯಲಾಯಿತು. ಆದುದರಿಂದ ನೋಡದ ಎಚ್‌ಡಿ ವಾಹಿನಿಗಳ ಗಂಟನ್ನು ಹೊರುವುದು ಆಗ ಎರಡು ಪಟ್ಟು ದಂಡವಾಗಿತ್ತು. ತಿಂಗಳ ಚಂದಾ ಕೊಡಲಾರದವರಿಗೆ 2004ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಫ್ರೀ ಡಿಶ್ ಇದೆ. ಅದರಲ್ಲಿ ಚಂದನ ಬರುತ್ತದೆ; ಆದರೆ ಹೆಸರಾಂತ ಕನ್ನಡ ಧಾರಾವಾಹಿಗಳ ಎಚ್‌ಡಿ ವಾಹಿನಿಗಳನ್ನು ಅಲ್ಲಿ ಅಪೇಕ್ಷಿಸಬಾರದು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಪರದೆಯ ಎತ್ತರದ ಮೂರರಷ್ಟು ದೂರದಲ್ಲಿ ಕುಳಿತರೆ ಎಚ್‌ಡಿಯ ಎಳೆಯೆಳೆಯೂ ಕಣ್ಣಿಗೆ ದಕ್ಕುತ್ತದೆ. ಆರರಷ್ಟು ದೂರ ಹೋದರೆ ಸಾಮಾನ್ಯ ಚಿತ್ರಕ್ಕೂ ಅದಕ್ಕೂ ಹೆಚ್ಚು ಭೇದ ಕಾಣದು. 43 ಅಂಗುಲದ ಟೀವಿಗೆ ಲೆಕ್ಕ ಹಾಕಿದರೆ ಇವು ಸುಮಾರು ಐದಡಿ ಮತ್ತು ಹತ್ತೂವರೆ ಅಡಿ. ಪಡಸಾಲೆಯ ಈ ಗೋಡೆಗೆ ಟೀವಿ, ಆ ಗೋಡೆಗೆ ಒರಗಿ ನೋಡುವವರು ಎಂಬಂತಿದ್ದರೆ ಹೆಚ್ಚಿನ ಚಂದಾ ವ್ಯರ್ಥ.

ಇಷ್ಟೆಲ್ಲ ತಿಳಿದುಕೊಂಡು ಅಕ್ಕನ ಮನೆಗೆ ಹೋದೆ. ಡಿಶ್ ಸರಿಯಾಗಿತ್ತು, ಚಂದಾ ಸರಿಯಾಗಿತ್ತು, ಪೆಟ್ಟಿಗೆಯೂ ಎಚ್‌ಡಿಯದೇ. ಆದರೆ ಪೆಟ್ಟಿಗೆಯಿಂದ ಟೀವಿಗೆ ಜೋಡಿಸಿದ್ದು ಹಳದಿ, ಕೆಂಪು, ಬಿಳಿ ಮೂತಿಯ ಹಳೆಯ ತಂತಿ. ಚಿತ್ರ ಒಯ್ಯುವುದು ಅದರಲ್ಲಿ ಹಳದಿಯೊಂದೇ. ಅದಕ್ಕೆ ಎಚ್‌ಡಿ ಹೊರುವ ಶಕ್ತಿಯಿಲ್ಲ. 36,000 ಕಿಲೋಮೀಟರು ಅಖಂಡವಾಗಿ ಬಂದ ಬಟ್ಟೆ ಕೊನೆಯ ಮೂರಡಿಯಲ್ಲಿ ಎಳೆ ಕಳೆದುಕೊಳ್ಳುತ್ತಿತ್ತು. ಜೋಡಿಸಿ ಹೋದವನಿಗೆ ಅದು ಎರಡು ನಿಮಿಷದ ಕೆಲಸ. ಅಕ್ಕನಿಗೆ ಎಂಟು ತಿಂಗಳ ಹೆಚ್ಚಿನ ಹಣ. ಎಚ್‌ಡಿಎಂಐ ಎಂಬ ಚಪ್ಪಟೆ ಮೂತಿಯ ತಂತಿ ತಂದು ಸಿಕ್ಕಿಸಿದೆ. ಎಚ್‌ಡಿ ವಾಹಿನಿಯ ಸಂಖ್ಯೆ ಬೇರೆಯೆಂಬುದೂ ಆಕೆಗೆ ತಿಳಿದಿರಲಿಲ್ಲ. ಚೀಟಿಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿದೆ.

ಅಕ್ಕ ಮಣೆ ಸರಿಸಿಕೊಂಡು ಹತ್ತಿರ ಕುಳಿತಳು. ಧಾರಾವಾಹಿಯ ಅತ್ತೆ ಏನೋ ಗದರುತ್ತಿದ್ದಳು. ಅಕ್ಕ ಅದನ್ನು ಕೇಳಲಿಲ್ಲ. ಆ ಅತ್ತೆಯ ಸೆರಗನ್ನೇ ನೋಡಿ, “ಇದು ಕೈಮಗ್ಗದ್ದಲ್ಲ ತಮ್ಮಾ, ಪವರ್‌ಲೂಮಿಂದು” ಎಂದಳು. ಭಾವನವರು ಇದ್ದಿದ್ದರೆ ಹೌದೆನ್ನುತ್ತಿದ್ದರು.

ಆದುದರಿಂದ ನನ್ನ ಸಲಹೆ ಇಷ್ಟೆ. ಊರೊಳಗಿದ್ದು ಕೇಬಲಿನವನು ನಂಬಿಗಸ್ತನಾದರೆ ಕೇಬಲ್. ಹೊಲದ ಮನೆಯಾದರೆ ಡಿಶ್. ಡಿಜಿಟಲ್ ಗೋಪುರ ಸಮೀಪವಿದ್ದವರಿಗಷ್ಟೇ ಆಂಟೆನಾ. ಆದರೆ ದಾರಿಯನ್ನು ದೂರುವ ಮುನ್ನ ಟೀವಿಯ ಬೆನ್ನ ಹಿಂದೆ ಒಮ್ಮೆ ಬಗ್ಗಿ ನೋಡಿರಿ. ಒಬ್ಬರೇ ಇರುವ ಹಿರಿಯರ ಮನೆಗೆ ಹೋದಾಗಲಂತೂ ತಪ್ಪದೆ ನೋಡಿರಿ.